ಗುರು ಮುನಿದರೆ

ಹರನು ಮುನಿದರೆ ಗುರುವು ಕಾಯುತ್ತಾನೆ, ಗುರುವೇ ಮುನಿದರೆ ಕಾಯುವವರು ಯಾರೂ ಇಲ್ಲ ಎಂಬ ಮಾತನ್ನು ನಮ್ಮ ಹಿರಿಯರು ಆಗಾಗ ಆಡುತ್ತಿದ್ದರು. ಕೂಲಿಮಠದ ಜಗಲಿಯ ಮೇಲೆ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದ ಕಾಲಕ್ಕೆ ಈ ಮಾತಿಗೆ ಇದ್ದ ಅರ್ಥವು ಭಕ್ತಿಯದು. ಕಾಲೇಜಿನ ಕಾಲದಲ್ಲಿ ಅದೇ ಮಾತಿಗೆ ವ್ಯವಹಾರದ ಅರ್ಥವೊಂದು ಬಂದಿದೆ. ಪ್ರಿನ್ಸಿಪಾಲರು ಹೊರಗೆ ಹಾಕಿದ ಹುಡುಗನು ಯಾರ ಬಾಗಿಲಿಗೆ ಹೋಗಬೇಕು? ಅಧ್ಯಾಪಕರಿಂದಲೇ ತನಗೆ ಅನ್ಯಾಯವಾಯಿತೆನ್ನುವ ಹುಡುಗಿಯ ಮಾತನ್ನು ಯಾರು ಕೇಳಬೇಕು? ಶ್ರೋತೃಗಳ ಮುಂದೆ ಈ ಸಂಜೆ ನಾವು ಇಡಬೇಕೆಂದಿರುವುದು ಈ ಪ್ರಶ್ನೆಯನ್ನು. ಕೇಳುತ್ತಿರುವವರಲ್ಲಿ ತಂದೆತಾಯಿಗಳಿರಬಹುದು, ವಿದ್ಯಾರ್ಥಿಗಳಿರಬಹುದು. ನಮ್ಮಂತೆ ಸೀಮೆಸುಣ್ಣ ಹಿಡಿದು ಕೂದಲು ನರೆಯುತ್ತಿರುವವರೂ ಕೆಲವರಿರಬಹುದು. ಮೂರು ವರ್ಗದವರಿಗೂ ಇದು ಮನೆಯ ಮಾತೇ.

ಯಾವ ಕಾಲೇಜಿನ ಪ್ರಾಸ್ಪೆಕ್ಟಸನ್ನಾದರೂ ತೆಗೆದು ನೋಡಿ. ಮೊದಲ ಪುಟದಲ್ಲಿ ಸಂಸ್ಥಾಪಕರ ಭಾವಚಿತ್ರ, ಆ ಬಳಿಕ ಶುಲ್ಕದ ಪಟ್ಟಿ, ಕಟ್ಟಕಡೆಯಲ್ಲಿ ಸಣ್ಣ ಅಕ್ಷರಗಳಲ್ಲಿ ನಡತೆಯ ನಿಯಮಗಳು. ಹಾಜರಿಯು ನೂರಕ್ಕೆ ೭೫ಕ್ಕಿಂತ ಕಡಿಮೆಯಾಗಕೂಡದು. ಗುರುತಿನ ಚೀಟಿ ಕೊರಳಲ್ಲಿರತಕ್ಕದ್ದು. ತರಗತಿಯಲ್ಲಿ ಮೊಬೈಲ್ ಫೋನು ಕೂಡದು. ಪುಸ್ತಕಾಲಯದಲ್ಲಿ ಮಾತು ಕೂಡದು. ಇವೆಲ್ಲ ಯಾರಿಗಾದರೂ ಅರ್ಥವಾಗುವ ನಿಯಮಗಳು. ಇವುಗಳ ಮೇಲೆ ನಮ್ಮ ಆಕ್ಷೇಪಣೆ ಏನೂ ಇಲ್ಲ. ಆದರೆ ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ಒಂದು ನಿಯಮವಿರುತ್ತದೆ. ಕಾಲೇಜಿನ ಘನತೆಗೆ ಕುಂದು ತರುವ ಯಾವುದೇ ವರ್ತನೆಯು ದಂಡನೆಗೆ ಅರ್ಹವಾದುದು, ಆ ವಿಷಯದಲ್ಲಿ ಪ್ರಿನ್ಸಿಪಾಲರ ತೀರ್ಮಾನವೇ ಅಂತಿಮವಾದುದು ಎಂಬ ಅರ್ಥದ ನಿಯಮ ಅದು. ಹಿಂದಿನ ಅಷ್ಟೂ ನಿಯಮಗಳನ್ನು ಇದೊಂದು ನುಂಗಿ ನೀರು ಕುಡಿಯುತ್ತದೆ. ಘನತೆ ಎಂದರೇನು, ಕುಂದು ಎಂದರೇನು ಎಂಬುದನ್ನು ಹುಡುಗನು ತಪ್ಪು ಮಾಡಿದ ಮೇಲೆ ತಿಳಿದುಕೊಳ್ಳಬೇಕೇ ಹೊರತು ಮೊದಲೇ ತಿಳಿಯುವುದಕ್ಕೆ ದಾರಿಯಿಲ್ಲ.

ಇಂಥ ನಿಯಮಕ್ಕೆ ಬುಡದಲ್ಲಿರುವ ಭಾವನೆ ಕೆಟ್ಟದ್ದಲ್ಲ. ಅಧ್ಯಾಪಕನು ಹೆತ್ತವರ ಸ್ಥಾನದಲ್ಲಿ ನಿಂತಿದ್ದಾನೆ, ತಂದೆಯು ಮಗನನ್ನು ದಂಡಿಸುವಾಗ ವಕೀಲರನ್ನು ಕರೆಸುವುದಿಲ್ಲವಷ್ಟೆ ಎಂಬುದು ಆ ಭಾವನೆ. ಇಂಗ್ಲಿಷರ ನ್ಯಾಯಶಾಸ್ತ್ರದಲ್ಲಿಯೂ ಇದು ಉಂಟು, ನಮ್ಮ ಗುರುಕುಲದ ಕಲ್ಪನೆಯಲ್ಲಿಯೂ ಉಂಟು. ಆದರೆ ಇಲ್ಲಿ ಒಂದು ಅಂತರವನ್ನು ಮರೆಯುತ್ತೇವೆ. ತಂದೆಯು ಬೆಳಿಗ್ಗೆ ಹೊಡೆದರೆ ರಾತ್ರಿ ಊಟಕ್ಕೆ ಕರೆಯುತ್ತಾನೆ; ಕಾಲೇಜು ಹೊರಗೆ ಹಾಕಿದರೆ ಅದನ್ನು ಸರ್ಟಿಫಿಕೇಟಿನ ಮೇಲೆ ಬರೆದು ಕಳುಹಿಸುತ್ತದೆ. ಆ ಬರೆಹವನ್ನು ಮುಂದೆ ಊರಿನ ಇನ್ನೊಂದು ಕಾಲೇಜು ಓದುತ್ತದೆ, ಕೆಲಸ ಕೊಡುವ ಕಚೇರಿ ಓದುತ್ತದೆ.

ಇದನ್ನು ಪುಸ್ತಕದಿಂದ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕಾಗಿದೆ. ಎರಡನೆಯ ವರ್ಷದ ಪದವಿ ತರಗತಿಗೆ ನಾವು ಮೈಸೂರು ಸಂಸ್ಥಾನದ ಚರಿತ್ರೆಯನ್ನು ಪಾಠ ಹೇಳುತ್ತಿದ್ದೆವು. ಕಾಲೇಜಿನಲ್ಲಿಯೇ ನಡೆಸುವ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವಾಗ ಎರಡು ಪತ್ರಿಕೆಗಳು ನಮ್ಮ ಕಣ್ಣಿಗೆ ಬಿದ್ದವು. ೧೮೬೪ರಲ್ಲಿ ಬೆಂಗಳೂರಿಗೆ ಜೋಲಾರ್‌ಪೇಟೆಯಿಂದ ಬಂದ ರೈಲುದಾರಿಯನ್ನು ತೆರೆದವರು ಕಮಿಷನರ್ ಕಬ್ಬನ್ನರು ಎಂದು ಎರಡರಲ್ಲಿಯೂ ಬರೆದಿತ್ತು. ಕಬ್ಬನ್ನರು ೧೮೬೧ರಲ್ಲಿಯೇ ಅಧಿಕಾರ ಬಿಟ್ಟು ಅದೇ ವರ್ಷ ತೀರಿಕೊಂಡವರು. ಆ ದಾರಿಯು ತೆರೆದದ್ದು ಬೌರಿಂಗರ ಕಾಲದಲ್ಲಿ. ಅದರ ಕೆಳಗೆ, ಸಂಸ್ಥಾನವು ಒಡೆಯರ ಕೈಗೆ ಹಿಂದಿರುಗಿದ್ದು ೧೮೮೩ರಲ್ಲಿ ಎಂದಿತ್ತು. ಅದು ೧೮೮೧ ಎಂಬುದು ಹೈಸ್ಕೂಲು ಹುಡುಗನಿಗೂ ಗೊತ್ತು. ಎರಡು ಪತ್ರಿಕೆ, ಎರಡು ತಪ್ಪು, ಒಂದೇ ಕ್ರಮ. ಹುಡುಗರಿಬ್ಬರೂ ಪರೀಕ್ಷೆಯಲ್ಲಿ ಕುಳಿತಿದ್ದುದು ಹಿಂದುಮುಂದಿನ ಬೆಂಚುಗಳಲ್ಲಿ. ಇನ್ನೇನು ಬೇಕು? ನಾವು ಪ್ರಿನ್ಸಿಪಾಲರಿಗೆ ಬರೆದೆವು. ಅವರು ಮೂವರ ಶಿಸ್ತು ಸಮಿತಿಗೆ ಕಾಗದವನ್ನು ಕಳುಹಿಸಿದರು. ಆ ಮೂವರಲ್ಲಿ ನಾವೂ ಒಬ್ಬರು.

ಸಮಿತಿಯು ಸೇರಿದ್ದು ಒಂದು ಶನಿವಾರ ಮಧ್ಯಾಹ್ನ, ಇಪ್ಪತ್ತು ನಿಮಿಷಗಳ ಕಾಲ. ಎರಡು ಪತ್ರಿಕೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಟ್ಟು ನೋಡಿದ್ದಾಯಿತು. ಹುಡುಗರನ್ನು ಕರೆಸಲಿಲ್ಲ. ಒಬ್ಬನು ತಾನಾಗಿಯೇ ಬಂದು ಬಾಗಿಲ ಹೊರಗೆ ನಿಂತಿದ್ದನಂತೆ. ಮೀಟಿಂಗ್ ನಡೆಯುತ್ತಿದೆ, ಈಗ ಬಿಡುವುದಿಲ್ಲ ಎಂದು ಜವಾನನು ಹೇಳಿ ಕಳುಹಿಸಿದನು. ಇಬ್ಬರಿಗೂ ಆ ಅವಧಿಯು ಮುಗಿಯುವವರೆಗೆ ತರಗತಿಗೆ ಪ್ರವೇಶವಿಲ್ಲವೆಂದು ಸೋಮವಾರ ನೋಟೀಸು ಬೋರ್ಡಿನ ಮೇಲೆ ಅಂಟಿಸಲಾಯಿತು. ದಂಡನೆಯು ಹಗುರವೆಂದೇ ನಾವು ಭಾವಿಸಿದ್ದೆವು. ಹಾಜರಿಯು ೭೫ಕ್ಕಿಂತ ಕೆಳಗಿಳಿದು, ಇಬ್ಬರೂ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂಡಲಾರದೆ ಒಂದು ವರ್ಷವೇ ಹೋಗುವುದೆಂಬುದು ನಮ್ಮಲ್ಲಿ ಒಬ್ಬರಿಗೂ ಆಗ ಹೊಳೆಯಲಿಲ್ಲ. ಅನುಕೂಲವಂತರ ಮನೆಯ ಹುಡುಗನು ಬೇರೆ ಊರಿನ ಕಾಲೇಜಿಗೆ ಸೇರಿಕೊಂಡನು. ಇನ್ನೊಬ್ಬನು ಹಳ್ಳಿಯಿಂದ ಬಂದು ಸೋದರಮಾವನ ಮನೆಯಲ್ಲಿದ್ದವನು. ಅವನು ಪ್ರಿನ್ಸಿಪಾಲರಿಗೆ ಎರಡು ಪುಟದ ಒಂದು ಅರ್ಜಿಯನ್ನು ಬರೆದುಕೊಟ್ಟನು. ಪ್ರಿನ್ಸಿಪಾಲರು ಅದರ ಮೇಲೆ ‘ಸಮಿತಿಯ ಅಭಿಪ್ರಾಯಕ್ಕೆ’ ಎಂದು ಬರೆದು ನಮ್ಮ ಮೂವರಿಗೇ ಕಳುಹಿಸಿದರು. ಪುನರ್ವಿಚಾರಕ್ಕೆ ಕಾರಣ ಕಂಡುಬರುವುದಿಲ್ಲ ಎಂದು ಅದರ ಕೆಳಗೆ ನಾವೇ ಬರೆದು ರುಜು ಹಾಕಿದೆವು. ಹುಡುಗನು ಊರಿಗೆ ಹೊರಟುಹೋದನು.

ಎರಡು ವರ್ಷಗಳಾದ ಮೇಲೆ ಅದೇ ಪಾಠಕ್ಕಾಗಿ ಹಳೆಯ ಟಿಪ್ಪಣಿಯ ಪುಸ್ತಕವನ್ನು ತೆಗೆದೆವು. ಹಿಂದೆ, ಪಾಠದ ಭಾಗವು ಮುಗಿಯದೆ ಒಂದು ಸಂಜೆ ವಿಶೇಷ ತರಗತಿಯನ್ನಿಟ್ಟು, ಬಂದಿದ್ದ ಹತ್ತು ಹನ್ನೆರಡು ಹುಡುಗರಿಗೆ ಅವಸರದಲ್ಲಿ ಬರೆಯಿಸಿದ್ದ ಟಿಪ್ಪಣಿ ಅದು. ಅದರಲ್ಲಿ ನಮ್ಮದೇ ಕೈಬರೆಹದಲ್ಲಿ ಇತ್ತು: ೧೮೬೪, ರೈಲುದಾರಿ, ಕಬ್ಬನ್. ಅದರ ಕೆಳಗೆ ೧೮೮೩. ಬಹುವಚನದ ಮರೆಯಲ್ಲಿ ಅವಿತುಕೊಳ್ಳುವುದು ಬೇಡ. ಸಮಿತಿಯಲ್ಲಿ ಮೂವರಿದ್ದರೂ ಈ ಟಿಪ್ಪಣಿಯನ್ನು ಬರೆಯಿಸಿದವರು ನಾವೊಬ್ಬರೇ. ಹುಡುಗನ ಅರ್ಜಿಯಲ್ಲಿ ಒಂದು ವಾಕ್ಯವಿತ್ತು; ಅದು ಆಗ ಓದಿದ್ದೇ, ಆದರೆ ಓದಿದಂತಾಗಿರಲಿಲ್ಲ. ‘ಸಾರ್, ನಾನು ಯಾರದನ್ನೂ ನೋಡಿ ಬರೆಯಲಿಲ್ಲ, ತರಗತಿಯ ನೋಟ್ಸನ್ನೇ ಬಾಯಿಪಾಠ ಮಾಡಿ ಬರೆದೆನು’ ಎಂದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕಲಿತವರೇ. ಇಲ್ಲಿ ಪ್ರಮಾಣಿಸುವುದಕ್ಕೆ ಬೇಕಾಗಿದ್ದುದು ಎಷ್ಟು? ಹುಡುಗನನ್ನು ಒಳಗೆ ಕರೆದು, ಇದನ್ನು ಎಲ್ಲಿಂದ ಬರೆದೆಯಪ್ಪಾ ಎಂದು ಒಂದು ಮಾತು ಕೇಳಿದ್ದರೆ ಅವನು ನೋಟ್ಸನ್ನು ತಂದು ತೋರಿಸುತ್ತಿದ್ದನು. ಇಲ್ಲವೆ ಆ ಸಂಜೆಯ ತರಗತಿಗೆ ಬಂದಿದ್ದ ಉಳಿದವರ ಪತ್ರಿಕೆಗಳನ್ನು ಒಂದು ಸಲ ತಿರುವಿ ಹಾಕಿದ್ದರೂ ಸಾಕಾಗುತ್ತಿತ್ತು. ಅದಕ್ಕಿಂತ ಮೊದಲು, ದೂರು ಕೊಟ್ಟವರು ನ್ಯಾಯದ ಪೀಠದಲ್ಲಿ ಕೂಡದೆ ಇದ್ದಿದ್ದರೆ! ದೂರುಗಾರರೂ ನಾವು, ಸಾಕ್ಷಿಯೂ ನಾವು, ತೀರ್ಪು ಕೊಟ್ಟವರೂ ನಾವು, ಆ ತೀರ್ಪಿನ ಮೇಲೆ ಬಂದ ಮನವಿಯನ್ನು ಕೇಳಿದವರೂ ನಾವು. ಕಳ್ಳನೆಂದು ತಿಳಿದು ಹಿಡಿದದ್ದು ನಮ್ಮದೇ ನೆರಳನ್ನು.

ನ್ಯಾಯವಾದಿಗಳು ಈ ಎರಡು ಸಂಗತಿಗಳಿಗೆ ಸಹಜನ್ಯಾಯದ ಸೂತ್ರಗಳೆಂದು ಹೆಸರಿಟ್ಟಿದ್ದಾರೆ. ಕೇಳದೆ ದಂಡಿಸಕೂಡದು, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದು. ಇವು ಹೈಕೋರ್ಟಿನ ಗೋಡೆಗಳೊಳಗೆ ಹುಟ್ಟಿದ ವಸ್ತುಗಳೆಂದು ಅನೇಕರು ತಿಳಿದಿರುತ್ತಾರೆ. ವಿನೋದವೇನೆಂದರೆ ಮೊದಲನೆಯ ಸೂತ್ರದ ಪ್ರಸಿದ್ಧವಾದ ನಿದರ್ಶನವು ಒಂದು ವಿಶ್ವವಿದ್ಯಾನಿಲಯದಿಂದಲೇ ಬಂದದ್ದು. ಅಲ್ಲಿ ಅನ್ಯಾಯಕ್ಕೆ ಗುರಿಯಾದವರು ವಿದ್ಯಾರ್ಥಿಯೂ ಅಲ್ಲ, ಒಂದು ಕಾಲೇಜಿನ ಮುಖ್ಯಸ್ಥರು. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಮಾಸ್ಟರ್ ಆಗಿದ್ದ ರಿಚರ್ಡ್ ಬೆಂಟ್ಲಿಯವರು ಮಹಾಪಂಡಿತರು, ಅಷ್ಟೇ ಜಗಳಗಂಟರು. ಪದವಿಯೊಂದಕ್ಕೆ ನಾಲ್ಕು ಗಿನಿ ಹೆಚ್ಚು ಶುಲ್ಕ ತೆಗೆದುಕೊಂಡರೆಂದು ಅವರ ಮೇಲೆ ದಾವೆಯಾಯಿತು. ಸಮನ್ಸು ತಂದ ಅಧಿಕಾರಿಯೊಡನೆ ಅವರು ಉದ್ಧಟತನದಿಂದ ನಡೆದುಕೊಂಡರು. ಕೆರಳಿದ ವಿಶ್ವವಿದ್ಯಾನಿಲಯವು ೧೭೧೮ರಲ್ಲಿ ಅವರ ಪದವಿಗಳನ್ನೆಲ್ಲ ಕಿತ್ತುಕೊಂಡಿತು. ಅವರನ್ನು ಕರೆದು ಕೇಳಲಿಲ್ಲ. ವ್ಯಾಜ್ಯವು ಲಂಡನ್ನಿಗೆ ಹೋಗಿ, ೧೭೨೩ರಲ್ಲಿ ರಾಜನ್ಯಾಯಾಲಯವು ಇದು ಸಲ್ಲದೆಂದಿತು. ಮರುವರ್ಷ ಪದವಿಗಳು ಹಿಂದಕ್ಕೆ ಬಂದವು. ಅಲ್ಲಿ ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಎಂಬವರು ಹೇಳಿದ ಮಾತಿನ ಭಾವವನ್ನು ಕಾನೂನಿನ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ. ದೇವರು ಸಹ ಆದಮನನ್ನು ತೋಟದಿಂದ ಹೊರಡಿಸುವ ಮುಂಚೆ, ಎಲ್ಲಿದ್ದೀಯೆ, ಆ ಹಣ್ಣನ್ನು ತಿಂದೆಯಾ ಎಂದು ಕೇಳಿದನಲ್ಲವೆ ಎಂಬುದೇ ಆ ಮಾತು. ಎಲ್ಲವನ್ನೂ ಬಲ್ಲ ದೇವರಿಗೆ ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದನು. ನಮ್ಮ ಶಿಸ್ತು ಸಮಿತಿಗಳು ದೇವರಿಗಿಂತ ಹೆಚ್ಚು ಬಲ್ಲವೆ?

ನಮ್ಮ ದೇಶದಲ್ಲಿಯೂ ಇಂಥ ಒಂದು ಪ್ರಕರಣವು ಚರಿತ್ರೆಯನ್ನು ಸೇರಿದೆ. ೧೯೧೬ರ ಜನವರಿಯಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಓಟನ್ನರು ಪಡಸಾಲೆಯಲ್ಲಿ ಕೆಲವರು ಹುಡುಗರನ್ನು ನೂಕಿದರೆಂದು ಮುಷ್ಕರವಾಯಿತು. ಅದು ಹೇಗೋ ಶಮನವಾಯಿತು. ಫೆಬ್ರವರಿಯಲ್ಲಿ ಮತ್ತೆ ಅಂಥದೇ ದೂರು ಬಂದು, ಈ ಸಲ ಹುಡುಗರು ಮೆಟ್ಟಿಲ ಬಳಿ ಓಟನ್ನರ ಮೇಲೆ ಕೈಮಾಡಿದರು. ಸರ್ಕಾರವು ಕಾಲೇಜನ್ನು ಮುಚ್ಚಿತು. ಸರ್ ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಆದರೆ ಆ ಸಮಿತಿಯ ವರದಿ ಬರುವುದಕ್ಕೆ ಮುಂಚೆಯೇ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಹಾಕಿದ್ದಾಗಿತ್ತು. ಆತನ ಹೆಸರು ಸುಭಾಷಚಂದ್ರ ಬೋಸ್. ಕೈಮಾಡಿದವರ ಗುಂಪಿನಲ್ಲಿ ಆತನನ್ನು ಕಂಡೆನೆಂದು ಕಾಲೇಜಿನ ಜವಾನನೊಬ್ಬನು ಹೇಳಿದ್ದನು. ತಾನು ಅಲ್ಲಿ ಕಣ್ಣಾರೆ ಕಂಡವನಾಗಿದ್ದೆನೆಂದು ಬೋಸರು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಸಮಿತಿಯ ಮುಂದೆ ಹೋದಾಗ, ಕೈಮಾಡಿದ್ದು ಸರಿಯೆ ಎಂಬ ಪ್ರಶ್ನೆಗೆ, ಸರಿಯಲ್ಲ, ಆದರೆ ಹುಡುಗರನ್ನು ಬಹಳವಾಗಿ ಕೆರಳಿಸಲಾಗಿತ್ತು ಎಂಬುದಾಗಿ ಉತ್ತರಕೊಟ್ಟರು. ಬೇರೆ ಕಾಲೇಜಿಗೆ ಸೇರಲು ಅನುಮತಿ ದೊರೆಯುವವರೆಗೆ ಕಟಕದಲ್ಲಿ ತಂದೆಯ ಮನೆಯಲ್ಲಿ ಕಾಲ ಕಳೆದು, ೧೯೧೭ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜನ್ನು ಸೇರಿ, ೧೯೧೯ರಲ್ಲಿ ತತ್ತ್ವಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಬಿ.ಎ. ಮುಗಿಸಿದರು. ಓಟನ್ನರೇ ಬಹುಕಾಲದ ಮೇಲೆ ಬೋಸರನ್ನು ನೆನೆದು ಒಂದು ಕವಿತೆ ಬರೆದರೆಂಬುದು ಈ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗ.

ಬೋಸರು ಎದ್ದು ನಿಂತರು ಎಂದು ಕೆಲವರು ಇದನ್ನು ಹುರುಪಿನಿಂದ ಹೇಳುವುದುಂಟು. ತಂದೆ ಜಾನಕೀನಾಥರು ಕಟಕದಲ್ಲಿ ಹೆಸರಾದ ವಕೀಲರು. ಮಗನಿಗೆ ಒಂದು ವರ್ಷ ಹೋದರೂ ಮನೆಯಲ್ಲಿ ಅನ್ನವಿತ್ತು, ಪುಸ್ತಕವಿತ್ತು. ಎಲ್ಲರಿಗೂ ಅದು ಇರುವುದಿಲ್ಲ.

ಸ್ವಾತಂತ್ರ್ಯವು ಬಂದ ಮೇಲೆ ಇಂಥ ವ್ಯಾಜ್ಯಗಳು ನಮ್ಮ ನ್ಯಾಯಾಲಯಗಳ ಮುಂದೆ ಬರತೊಡಗಿದವು. ಉತ್ತರ ಪ್ರದೇಶದ ಇಂಟರ್‌ಮೀಡಿಯೆಟ್ ಮಂಡಲಿಯು ೧೯೫೪ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು, ಅಕ್ರಮ ಸಾಧನಗಳನ್ನು ಬಳಸಿದರೆಂದು ರದ್ದುಮಾಡಿ, ಮರುವರ್ಷದ ಪರೀಕ್ಷೆಗೂ ಕೂಡದಂತೆ ತಡೆಯಿತು. ಆ ಮೂವರಿಗೆ ನೋಟೀಸೂ ಇಲ್ಲ, ಸಮಜಾಯಿಷಿಗೆ ಅವಕಾಶವೂ ಇಲ್ಲ. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ್ದು ಇಷ್ಟು: ನಿಯಮಗಳಲ್ಲಿ ಕೇಳಬೇಕೆಂದು ಬರೆದಿರಲಿ ಬಿಡಲಿ, ಒಬ್ಬನ ಭವಿಷ್ಯವನ್ನೇ ಕೆಡಿಸಬಲ್ಲ ಅಧಿಕಾರವನ್ನು ಹಿಡಿದಿರುವ ಪರೀಕ್ಷಾ ಸಮಿತಿಯು ನ್ಯಾಯಾಧೀಶನಂತೆಯೇ ನಡೆಯಬೇಕು, ಆರೋಪವನ್ನು ತಿಳಿಸಿ ಉತ್ತರವನ್ನು ಕೇಳಬೇಕು. ನಮ್ಮ ಶನಿವಾರದ ಸಮಿತಿಯು ಸೇರುವ ಹೊತ್ತಿಗೆ ಈ ತೀರ್ಪು ಎಷ್ಟೋ ದಶಕಗಳಷ್ಟು ಹಳೆಯದಾಗಿತ್ತು. ಮೂವರು ಪದವೀಧರರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ.

ಹಾಗಾದರೆ ಪ್ರತಿಯೊಂದು ಸಣ್ಣ ತಪ್ಪಿಗೂ ಕೋರ್ಟಿನ ಕಟಕಟೆಯನ್ನು ಕಾಲೇಜಿಗೆ ತರಬೇಕೆ ಎಂದು ನಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ಬೇಕಾಗಿಲ್ಲ, ನ್ಯಾಯಾಲಯಗಳೂ ಹಾಗೆ ಹೇಳಿಲ್ಲ. ಬಿಹಾರದಲ್ಲಿ ಒಂದು ಪರೀಕ್ಷಾ ಕೇಂದ್ರದಲ್ಲಿ ಇಡೀ ಕೇಂದ್ರವೇ ನಕಲು ಮಾಡಿತೆಂದು ಪರೀಕ್ಷೆಯನ್ನು ರದ್ದುಪಡಿಸಿದಾಗ, ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ಕರೆದು ಕೇಳಬೇಕಾಗಿಲ್ಲ, ಅಲ್ಲಿ ಒಬ್ಬೊಬ್ಬನ ಮೇಲೆ ಆರೋಪ ಹೊರಿಸಿಲ್ಲ, ಪರೀಕ್ಷೆಯೇ ಕೆಟ್ಟಿದೆ ಎಂದು ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಎತ್ತಿದ್ದು ರಾಂಚಿಯ ವೈದ್ಯಕೀಯ ಕಾಲೇಜಿನ ಪ್ರಕರಣ. ೧೯೭೨ರ ಜೂನ್ ತಿಂಗಳ ಒಂದು ರಾತ್ರಿ ಕೆಲವರು ವಿದ್ಯಾರ್ಥಿಗಳು ಹೆಣ್ಣುಮಕ್ಕಳ ಹಾಸ್ಟೆಲಿನ ಆವರಣವನ್ನು ಹೊಕ್ಕು, ಹೇಳಲು ನಾಚಿಕೆಯಾಗುವಂಥ ಸ್ಥಿತಿಯಲ್ಲಿ ಅಲ್ಲಿ ಅಡ್ಡಾಡಿದರು. ಹುಡುಗಿಯರು ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ವಿಚಾರಣಾ ಸಮಿತಿಯು ಹುಡುಗಿಯರ ಹೇಳಿಕೆಗಳನ್ನು ಹುಡುಗರು ಇಲ್ಲದಿರುವಾಗ ಬರೆದುಕೊಂಡಿತು. ಭಾವಚಿತ್ರಗಳನ್ನು ಬೇರೆಯವರ ಭಾವಚಿತ್ರಗಳೊಡನೆ ಬೆರೆಸಿ ಇಟ್ಟು ಗುರುತಿಸುವಂತೆ ಹೇಳಿತು. ಆ ಬಳಿಕ ಹುಡುಗರನ್ನು ಕರೆದು ಆರೋಪವನ್ನು ತಿಳಿಸಿ ಅವರ ಉತ್ತರವನ್ನು ತೆಗೆದುಕೊಂಡಿತು. ನಮ್ಮೆದುರಿಗೆ ಸಾಕ್ಷಿ ಹೇಳಿಸಲಿಲ್ಲ, ಪಾಟೀಸವಾಲಿಗೆ ಅವಕಾಶ ಕೊಡಲಿಲ್ಲ ಎಂಬುದು ಹೊರಗೆ ಹಾಕಿಸಿಕೊಂಡ ಹುಡುಗರ ವಾದ. ೧೯೭೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಸಹಜನ್ಯಾಯವೆಂಬುದು ಎಲ್ಲ ಕಡೆಗೂ ಒಂದೇ ಅಳತೆಯ ಅಂಗಿಯಲ್ಲ. ಮಾರನೆಯ ದಿನ ಅದೇ ಕಾಲೇಜಿನ ದಾರಿಯಲ್ಲಿ ನಡೆಯಬೇಕಾದ ಹುಡುಗಿಯರನ್ನು ಆ ಹುಡುಗರ ಎದುರಿಗೆ ನಿಲ್ಲಿಸಿದರೆ ಯಾರು ಬಾಯಿ ಬಿಡುತ್ತಾರೆ ಎಂಬುದು ಆ ತೀರ್ಪಿನ ತಿರುಳು. ಈ ತೀರ್ಪನ್ನು ನಾವು ಎಷ್ಟು ಸಲ ಓದಿದರೂ ಸರಿಯೆಂದೇ ತೋರುತ್ತದೆ. ಆರೋಪಿಯನ್ನು ಕೇಳಬೇಕೆಂಬುದು ಎಷ್ಟು ನ್ಯಾಯವೋ, ದೂರು ಕೊಟ್ಟವರು ಹೆದರದೆ ಮಾತನಾಡುವಂತೆ ಮಾಡುವುದೂ ಅಷ್ಟೇ ನ್ಯಾಯ. ರ‍್ಯಾಗಿಂಗ್ ಎಂಬ ಪಿಡುಗಿನ ವಿಷಯದಲ್ಲಿಯೂ ಹೀಗೆಯೇ. ಒಬ್ಬ ಹುಡುಗನ ಪ್ರಾಣವೇ ಹೋದ ಮೇಲೆ ೨೦೦೯ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಕಟ್ಟುನಿಟ್ಟಾದ ನಿಯಮಗಳನ್ನು ತಂದಿತು. ಪ್ರತಿ ವರ್ಷ ವಿದ್ಯಾರ್ಥಿಯೂ ಪೋಷಕರೂ ಪ್ರಮಾಣಪತ್ರ ಬರೆದುಕೊಡುತ್ತಾರೆ. ಬಹುತೇಕ ಮಂದಿ ಅದನ್ನು ಓದದೆ ರುಜು ಹಾಕುತ್ತಾರೆಂಬುದು ನಮ್ಮ ಅನುಭವ.

ಇನ್ನು ಮೇಲ್ಮನವಿಯ ಮಾತು. ಹಿಂದೆ ಇದಕ್ಕೆ ನೆಲೆಯೇ ಇರಲಿಲ್ಲ. ಇದ್ದದ್ದು ಹೈಕೋರ್ಟಿಗೆ ರಿಟ್ ಅರ್ಜಿ, ಅಲ್ಲದಿದ್ದರೆ ಯಾರಾದರೂ ದೊಡ್ಡವರ ಶಿಫಾರಸು. ಎರಡೂ ಬಡವರ ಹುಡುಗನಿಗೆ ದೂರ. ೨೦೧೨ರಿಂದೀಚೆಗೆ ಅನುದಾನ ಆಯೋಗವು ಈ ಬಗ್ಗೆ ನಿಯಮಗಳನ್ನು ಮಾಡುತ್ತ, ತಿದ್ದುತ್ತ ಬಂದು, ೨೦೨೩ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಯ ನಿಯಮಾವಳಿಯನ್ನು ಹೊಸದಾಗಿ ಹೊರಡಿಸಿತು. ಅದರಂತೆ ಕಾಲೇಜಿನಲ್ಲಿ ಒಂದು ಸಮಿತಿ ಇರತಕ್ಕದ್ದು: ಒಬ್ಬ ಪ್ರೊಫೆಸರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು, ವಿಶೇಷ ಆಹ್ವಾನಿತನಾಗಿ ಒಬ್ಬ ವಿದ್ಯಾರ್ಥಿ. ಅಧ್ಯಕ್ಷ ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರಾಗಿರಬೇಕು. ದೂರು ಬಂದ ೧೫ ಕೆಲಸದ ದಿನಗಳೊಳಗೆ ಸಮಿತಿಯು ವರದಿ ಕೊಟ್ಟು, ಅದರ ಪ್ರತಿಯನ್ನು ದೂರುಗಾರನಿಗೂ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ ೧೫ ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿ ಹೋಗಬಹುದು. ಈತನು ನಿವೃತ್ತ ವೈಸ್ ಛಾನ್ಸಲರೋ, ನಿವೃತ್ತ ಪ್ರೊಫೆಸರೋ, ಜಿಲ್ಲಾ ನ್ಯಾಯಾಧೀಶರಾಗಿದ್ದವರೋ ಆಗಿರತಕ್ಕದ್ದು; ೩೦ ದಿನಗಳೊಳಗೆ ಇತ್ಯರ್ಥಮಾಡಲು ಯತ್ನಿಸಬೇಕು. ಈ ಹೆಸರು ನಾಲಗೆಗೆ ತೊಡಕು, ನಿಜ. ಸ್ವೀಡನ್ ದೇಶದಿಂದ ಬಂದ ಪದವದು. ಪದ ಹೇಗೇ ಇರಲಿ, ದಂಡಿಸಿದವರ ಕೈಗೇ ಮನವಿಯು ಹಿಂದಿರುಗಿ ಬರುವ ಸುಳಿಯಿಂದ ಹುಡುಗನನ್ನು ಹೊರಗೆ ಎಳೆಯುವ ಹಗ್ಗ ಇದೊಂದೇ.

ಅಂಕಗಳ ವಿಷಯಕ್ಕೆ ಈ ದಾರಿಯು ಕಿರಿದು. ಮರುಮೌಲ್ಯಮಾಪನ ಮಾಡಿಸಿಕೊಡಿ ಎಂದು ಬರೆದ ಮಾತ್ರಕ್ಕೆ ಓಂಬುಡ್ಸ್‌ಪರ್ಸನ್ ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಆದರೆ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಮೂಲಕ ತಾನು ನೋಡಬಹುದೆಂದು ೨೦೧೧ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಲಿಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ತಿದ್ದಿದ ಪತ್ರಿಕೆಯನ್ನು ಹುಡುಗನು ನೋಡುತ್ತಾನೆಂದು ತಿಳಿದರೆ ತಿದ್ದುವ ಕೈಯೂ ತುಸು ಎಚ್ಚರವಾಗುತ್ತದೆ.

ಈ ನಿಯಮಾವಳಿಯಲ್ಲಿ ನಮಗೆ ತೃಪ್ತಿಯಿಲ್ಲದ ಅಂಶವೂ ಉಂಟು. ಮೊದಲ ಸಮಿತಿಯಲ್ಲಿ ಇರುವವರೆಲ್ಲ ಅದೇ ಕಾಲೇಜಿನವರು. ಒಂದೇ ಕೊಠಡಿಯಲ್ಲಿ ಕಾಫಿ ಕುಡಿಯುವವರು. ಚಿಕ್ಕ ಊರಿನ ಕಾಲೇಜಿನಲ್ಲಿ ಐವರು ಹಿರಿಯರನ್ನು ಹುಡುಕುವುದೇ ಕಷ್ಟ. ಇದ್ದವರಲ್ಲಿ ಒಬ್ಬರ ಮೇಲೆಯೇ ದೂರಾದರೆ ಉಳಿದ ನಾಲ್ವರಿಗೆ ಸಂಕೋಚ. ದೂರಿನ ವಿಷಯದಲ್ಲಿ ಯಾವ ಬಗೆಯಲ್ಲಾದರೂ ಸಂಬಂಧವಿರುವವರು ಆ ದಿನ ಎದ್ದುಹೋಗುವುದು, ಹೋದದ್ದನ್ನು ನಡವಳಿಯ ಪುಸ್ತಕದಲ್ಲಿ ಬರೆಯುವುದು ಎಂಬ ಪದ್ಧತಿಯನ್ನು ಯಾವ ಸುತ್ತೋಲೆಗೂ ಕಾಯದೆ ಯಾವ ಕಾಲೇಜಾದರೂ ಇಟ್ಟುಕೊಳ್ಳಬಹುದು. ನಾವು ಈಗಿರುವ ಕಡೆ ಅದನ್ನು ಇಟ್ಟುಕೊಂಡಿದ್ದೇವೆ. ಮೊದಲ ಸಲ ಎದ್ದುಹೋಗಬೇಕಾಗಿ ಬಂದ ಹಿರಿಯರೊಬ್ಬರು ಒಂದು ವಾರ ನಮ್ಮೊಡನೆ ಮಾತು ಬಿಟ್ಟಿದ್ದರು.

ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಯಾವ ದಿನ, ಎಲ್ಲಿ, ಏನಾಯಿತು, ಯಾರು ಕಂಡರು ಎಂಬುದಷ್ಟು ಸಾಕು, ವಿಶೇಷಣಗಳು ಬೇಡ. ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಹದಿನೈದು ದಿನಗಳ ಗಡುವು ಎಂದಿನಿಂದ ಓಡತೊಡಗಿತೆಂಬುದಕ್ಕೆ ಅದೇ ಆಧಾರ. ನಿಮ್ಮ ಮೇಲೆಯೇ ಆರೋಪ ಬಂದಿದ್ದರೆ ಆರೋಪದ ಪ್ರತಿಯನ್ನು ಕೇಳಿ. ಅದನ್ನು ಕೇಳುವುದು ಉದ್ಧಟತನವಲ್ಲ. ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯೇನೆಂದರೆ, ಮಗನನ್ನು ಕರೆದುಕೊಂಡು ಬಂದು ಪ್ರಿನ್ಸಿಪಾಲರ ಕಾಲಿಗೆ ಬೀಳಿಸುವ ಮುಂಚೆ ಮನೆಯಲ್ಲಿ ಅವನ ಮಾತನ್ನು ಪೂರ್ತಿಯಾಗಿ ಒಮ್ಮೆ ಕೇಳಿ. ಕ್ಷಮಾಪಣೆಯ ಪತ್ರವು ಎಷ್ಟೋ ವೇಳೆ ತಪ್ಪೊಪ್ಪಿಗೆಯ ಪತ್ರವಾಗಿ ಫೈಲಿನಲ್ಲಿ ಉಳಿಯುತ್ತದೆ.

ಹುಡುಗನ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಟಿಪ್ಪಣಿಯ ಪುಸ್ತಕವನ್ನು ಕಂಡ ಮಾರನೆಯ ದಿನ ಅದನ್ನು ತೆಗೆದುಕೊಂಡು ಪ್ರಿನ್ಸಿಪಾಲರ ಬಳಿಗೆ ಹೋದೆವು. ಆ ಹೊತ್ತಿಗೆ ಹಿಂದಿನವರು ನಿವೃತ್ತರಾಗಿ ಹೊಸಬರು ಬಂದಿದ್ದರು. ಉತ್ತರಪತ್ರಿಕೆಗಳು ರದ್ದಿಗೆ ಹೋಗಿದ್ದವು. ಫೈಲು ಮಾತ್ರ ಇತ್ತು. ನಾವು ನಡೆದದ್ದನ್ನು ಬರೆದು ರುಜು ಹಾಕಿ ಅದರೊಳಗೆ ಸೇರಿಸಿದೆವು. ಹುಡುಗನ ಊರಿಗೆ ಒಂದು ಕಾಗದವನ್ನೂ ಬರೆದೆವು. ಅದರಲ್ಲಿ ಏನು ಬರೆದೆವೆಂಬುದನ್ನು ಇಲ್ಲಿ ಹೇಳುವುದು ಬೇಡ. ನಾಲ್ಕು ಸಲ ಹರಿದು ಬರೆದದ್ದು ಎಂದಷ್ಟು ಹೇಳಬಹುದು. ಮತ್ತೆ ಕಾಲೇಜಿಗೆ ಸೇರಿಕೊಳ್ಳುವುದಾದರೆ ಶುಲ್ಕದ ವಿಷಯ ನಾವು ನೋಡಿಕೊಳ್ಳುತ್ತೇವೆಂದೂ ಅದರಲ್ಲಿತ್ತು.

ಮೂರು ವಾರಗಳ ಮೇಲೆ ಉತ್ತರ ಬಂತು. ಅವನು ಒಂದು ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ತಂಗಿಯ ಮದುವೆ ಗೊತ್ತಾಗಿದೆ, ಕಾಲೇಜಿಗೆ ಬರುವಂತಿಲ್ಲ ಎಂದು ಬರೆದಿದ್ದನು. ನಮ್ಮ ಮೇಲೆ ಒಂದು ಕಟುನುಡಿಯೂ ಇರಲಿಲ್ಲ. ಇದ್ದಿದ್ದರೆ ಓದುವುದು ಸುಲಭವಾಗುತ್ತಿತ್ತು. ಕಡೆಯಲ್ಲಿ ಒಂದು ಕೋರಿಕೆಯಿತ್ತು. ಅವನ ಸರ್ಟಿಫಿಕೇಟಿನಲ್ಲಿ ನಡತೆ ಎಂಬಲ್ಲಿ ‘ತೃಪ್ತಿಕರವಲ್ಲ’ ಎಂದು ಬರೆದಿತ್ತು. ಸೊಸೈಟಿಯ ಕಾರಕೂನನ ಕೆಲಸಕ್ಕೆ ಅರ್ಜಿ ಹಾಕಿದಾಗ ಅಲ್ಲಿ ಅದನ್ನು ತೋರಿಸಿ ಕೇಳಿದರಂತೆ. ‘ಸಾರ್, ಆ ಒಂದು ಮಾತನ್ನು ತೆಗೆಸಿಕೊಟ್ಟರೆ ಸಾಕು’ ಎಂದಿದ್ದನು. ಸರ್ಟಿಫಿಕೇಟನ್ನು ರಿಜಿಸ್ಟರ್ ಅಂಚೆಯಲ್ಲಿ ತರಿಸಿಕೊಂಡೆವು. ಪ್ರಿನ್ಸಿಪ್ರಾಲರು ಹಳೆಯದನ್ನು ರದ್ದುಮಾಡಿ ಬೇರೊಂದನ್ನು ಬರೆಯಿಸಿದರು. ಗುಮಾಸ್ತೆಯು ಅದನ್ನು ಬರೆದು ಮೊಹರು ಒತ್ತಿ ಕೊಡುವುದಕ್ಕೆ ಐದು ನಿಮಿಷ ಹಿಡಿಯಿತು. ಅಂಚೆಗೆ ಹಾಕಲು ನಾವೇ ನಡೆದು ಹೋದೆವು.